ಅಡ್ಮಿಷನ್ ಆಯ್ತು, ಆಮೇಲೆ?

ಅಕ್ಕನ ಮಗ ನಾಲ್ಕನೇ ಕ್ಲಾಸಿನಲ್ಲಿದ್ದಾಗ ಬರೆದ ಒಂದು ಉಕ್ತಲೇಖನದ ನೋಟ್‌ಬುಕ್ ನನ್ನ ಹತ್ತಿರ ಇನ್ನೂ ಇದೆ. ಮೇಷ್ಟ್ರು ಹೇಳಿದ್ದು 'ಕತ್ತೆ', ಇವನು ಬರೆದಿದ್ದು 'ಕತೆ'. 'ಹಳ್ಳಿ' ಹೋಗಿ 'ಹಳಿ' ಆಗಿದೆ. 'ಸೂರ್ಯ' ಇರಬೇಕಾದ ಕಡೆ 'ಸೂಯ'. 'ಮಳೆ' ಬದಲು 'ವುಳೆ'. 20 ಪದಗಳಲ್ಲಿ 17ಕ್ಕೆ ಕೆಂಪು ಇಂಕಿನ ಸುತ್ತು. ಕೆಳಗೆ, 'ತಪ್ಪಾದ ಪದಗಳನ್ನು ಹತ್ತು ಸಲ ಬರೆ' ಅಂತ ಸೂಚನೆ. ಪುಟ ತಿರುಗಿಸಿದರೆ ಹುಡುಗ ಹೇಳಿದ ಹಾಗೇ ಮಾಡಿದ್ದಾನೆ. 'ಕತೆ, ಕತೆ, ಕತೆ' ಅಂತ ಹತ್ತು ಸಲ, ಗುಂಡಗೆ, ಗೆರೆ ದಾಟದೆ. ಅಷ್ಟು ಕಷ್ಟಪಟ್ಟು ತಪ್ಪನ್ನೇ ಗಟ್ಟಿ ಮಾಡಿಕೊಂಡಿದ್ದಾನೆ.

ಆ ಶಾಲೆಯವರು ಕೆಟ್ಟವರೇನಲ್ಲ. ಅವನನ್ನು ಸೇರಿಸಿಕೊಳ್ಳಲ್ಲ ಅಂತ ಯಾರೂ ಹೇಳಲಿಲ್ಲ. ಕೂರಲು ಬೆಂಚಿತ್ತು, ಹಾಜರಿ ಪುಸ್ತಕದಲ್ಲಿ ಹೆಸರಿತ್ತು. ಆದರೆ ಕ್ಲಾಸು ನಡೆಯುವ ರೀತಿಯಲ್ಲಿ ಅವನಿಗೋಸ್ಕರ ಒಂದಿಷ್ಟೂ ಬದಲಾವಣೆ ಆಗಲಿಲ್ಲ. ಊಟಕ್ಕೆ ಕರೆದು, ಪಂಕ್ತಿಯಲ್ಲಿ ಕೂರಿಸಿ, ಎಲೆ ಹಾಕೋದನ್ನೇ ಮರೆತ ಹಾಗೆ.

ನಮ್ಮ ಶಿಕ್ಷಣ ಇಲಾಖೆಯ ಭಾಷೆಯಲ್ಲಿ 'ಸಮನ್ವಯ ಶಿಕ್ಷಣ' ಅಂತ ಒಂದು ಮಾತಿದೆ. ಅಂಗವಿಕಲತೆ ಇರುವ ಮಕ್ಕಳು, ಆಟಿಸಂ (ಬೆರೆಯುವ, ಸುತ್ತಲಿನದನ್ನು ಗ್ರಹಿಸುವ ರೀತಿಯೇ ಬೇರೆ), ಡಿಸ್ಲೆಕ್ಸಿಯಾ (ಓದುವುದರಲ್ಲಿ ತೊಡಕು), ಎಡಿಎಚ್‌ಡಿ (ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ) ಇರುವ ಮಕ್ಕಳು ಎಲ್ಲರ ಜೊತೆ ಒಂದೇ ಶಾಲೆಯಲ್ಲಿ ಕಲಿಯುವುದು. ಕೇಳಿದರೆ ಅಡ್ಮಿಷನ್ನಿನ ವಿಷಯ ಅನಿಸುತ್ತದೆ. ಆದರೆ ಅಸಲಿ ವಿಷಯ ಶುರುವಾಗುವುದೇ ಅಡ್ಮಿಷನ್ ಆದಮೇಲೆ.

ಯಾರು ಯಾರಿಗೆ ಹೊಂದಿಕೊಳ್ಳಬೇಕು?

ನಮ್ಮ ದೇಶದಲ್ಲಿ ಈ ಯೋಚನೆ ಹೊಸದಲ್ಲ. ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗೆ ತರುವ ಕೇಂದ್ರ ಸರ್ಕಾರದ ಯೋಜನೆ ಶುರುವಾಗಿದ್ದು 1974ರಲ್ಲೇ. ಆಗಿನ ಲೆಕ್ಕ ಸರಳವಾಗಿತ್ತು: ಶಾಲೆ ಇದ್ದ ಹಾಗೇ ಇರುತ್ತದೆ, ಮಗುವನ್ನು ತಯಾರು ಮಾಡಿ ಒಳಗೆ ಕಳಿಸೋಣ. ಹೊಂದಿಕೊಂಡರೆ ಸರಿ, ಇಲ್ಲದಿದ್ದರೆ ವಿಶೇಷ ಶಾಲೆ. ಅದೂ ಆಗದಿದ್ದರೆ ಮನೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ಲೆಕ್ಕವನ್ನು ತಿರುಗಿಸಿ ಬರೆಯಿತು. ಇದು ಜಾರಿಗೆ ಬಂದಿದ್ದು 2017ರ ಏಪ್ರಿಲ್‌ನಲ್ಲಿ. ಅಂಗವಿಕಲತೆ ಇರುವ ಮಕ್ಕಳೂ ಇಲ್ಲದ ಮಕ್ಕಳೂ ಒಟ್ಟಿಗೆ ಕಲಿಯಬೇಕು, ಕಲಿಸುವ ರೀತಿ ಈ ಮಕ್ಕಳಿಗೆ ತಕ್ಕ ಹಾಗೆ ಬದಲಾಗಬೇಕು ಅನ್ನುವುದು ಅದರ ವ್ಯಾಖ್ಯೆ. ಅಂದರೆ ಹೊಂದಿಕೊಳ್ಳುವ ಹೊಣೆ ಈಗ ಶಾಲೆಯ ಮೇಲೆ. ಅದೇ ಕಾಯ್ದೆಯ 16ನೇ ಸೆಕ್ಷನ್ನಿನಲ್ಲಿ ಶಾಲೆಗಳು ಮಾಡಲೇಬೇಕಾದ ಕೆಲಸಗಳಿವೆ. ಭೇದ ಮಾಡದೆ ಸೇರಿಸಿಕೊಳ್ಳಬೇಕು, ಕಟ್ಟಡ ಎಲ್ಲರೂ ಓಡಾಡುವ ಹಾಗಿರಬೇಕು, ಕಲಿಕೆಯ ತೊಂದರೆಯನ್ನು ಆದಷ್ಟು ಬೇಗ ಗುರುತಿಸಬೇಕು, ಒಬ್ಬೊಬ್ಬರಿಗೂ ಬೇಕಾದ ಹೊಂದಾಣಿಕೆ ಮಾಡಿಕೊಡಬೇಕು.

ಈ 'ಹೊಂದಾಣಿಕೆ' ಅನ್ನುವ ಪದವೇ ಇಡೀ ವಿಷಯದ ಕೀಲಿ. ಶಾಲೆಗೆ ತೀರಾ ಹೊರೆ ಆಗದ ಹಾಗೆ, ಮಗುವಿಗೆ ಕಲಿಯಲು ಬೇಕಾದ ಬದಲಾವಣೆ ಮಾಡಿಕೊಡುವುದು. ಬೆಂಚು ಸರಿಸುವುದೂ ಹೊಂದಾಣಿಕೆ, ಪ್ರಶ್ನೆಯನ್ನು ಗಟ್ಟಿಯಾಗಿ ಓದಿ ಹೇಳುವುದೂ ಹೊಂದಾಣಿಕೆ.

1995ರ ಹಳೇ ಕಾಯ್ದೆಯಲ್ಲಿ 7 ಬಗೆಯ ಅಂಗವಿಕಲತೆ ಇದ್ದವು. ಈಗ 21 ಇವೆ. ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆ ಹೆಸರು ಹಿಡಿದು ಒಳಗೆ ಬಂದವು. ಓದಿನಲ್ಲಿ ತೊಡಕಿದ್ದರೆ ಡಿಸ್ಲೆಕ್ಸಿಯಾ, ಬರವಣಿಗೆಯಲ್ಲಿದ್ದರೆ ಡಿಸ್‌ಗ್ರಾಫಿಯಾ, ಲೆಕ್ಕದಲ್ಲಿದ್ದರೆ ಡಿಸ್‌ಕ್ಯಾಲ್ಕುಲಿಯಾ. ಇವೆಲ್ಲ ಈ ಕಲಿಕಾ ನ್ಯೂನತೆಯ ಗುಂಪಿಗೇ ಸೇರುತ್ತವೆ. ಸಮಸ್ಯೆ ಏನೆಂದರೆ ಇವು ಕಣ್ಣಿಗೆ ಕಾಣುವುದಿಲ್ಲ. 2011ರ ಜನಗಣತಿ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದಾರೆ ಎಂದಿತು. ಆದರೆ ಆ ಫಾರ್ಮಿನಲ್ಲಿ ಆಟಿಸಂ, ಡಿಸ್ಲೆಕ್ಸಿಯಾಗಳಿಗೆ ಪ್ರತ್ಯೇಕ ಕಾಲಮ್ಮೇ ಇರಲಿಲ್ಲ. ಎಣಿಸದಿದ್ದರೆ ಇಲ್ಲ ಅಂತಲೇ ಆಗಿಬಿಡುತ್ತದೆ ಅಲ್ವಾ?

ಕಾಣದ್ದಕ್ಕೆ ನಾವು ಬೇರೆ ಹೆಸರು ಇಟ್ಟಿರುತ್ತೇವೆ. ದಡ್ಡ. ಸೋಮಾರಿ. ಹಠಮಾರಿ. 'ಬುದ್ಧಿ ಇದೆ, ಆದರೆ ಗಮನ ಇಲ್ಲ.' ಪೇರೆಂಟ್ಸ್ ಮೀಟಿಂಗಿನಲ್ಲಿ ಅಕ್ಕ ಈ ಕೊನೇ ಮಾತನ್ನು ಎಷ್ಟು ಸಲ ಕೇಳಿದ್ದಾಳೋ.

ಈಚೆಗೆ 'ನ್ಯೂರೋಡೈವರ್ಜೆಂಟ್' ಅನ್ನುವ ಪದ ಓಡಾಡುತ್ತಿದೆ. ಹಿಂದಿರುವ ಯೋಚನೆ ಇಷ್ಟೇ: ಮಿದುಳು ಶಬ್ದ, ಅಕ್ಷರ, ಗಲಾಟೆ, ಸಮಯ ಇವನ್ನೆಲ್ಲ ಹಿಡಿದು ಜೋಡಿಸಿಕೊಳ್ಳುವ ರೀತಿ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ನಮ್ಮ ಶಾಲೆಗಳು ಜಾಸ್ತಿ ಜನಕ್ಕೆ ಒಪ್ಪುವ ಒಂದು ರೀತಿಗೆ ಮಾತ್ರ ತಯಾರಾಗಿವೆ. ಇಂಥ ಮಕ್ಕಳಲ್ಲೆಲ್ಲ ಯಾವುದೋ ದೊಡ್ಡ ಪ್ರತಿಭೆ ಅಡಗಿರುತ್ತದೆ ಅಂತ ಸಮಾಧಾನ ಹೇಳುವವರೂ ಇದ್ದಾರೆ. ನನಗೆ ಆ ಮಾತು ಅಷ್ಟು ಇಷ್ಟವಾಗುವುದಿಲ್ಲ. ನಮ್ಮ ಹುಡುಗ ವಿಜ್ಞಾನಿಯೂ ಆಗಬೇಕಿಲ್ಲ, ಚಿತ್ರಕಾರನೂ ಆಗಬೇಕಿಲ್ಲ. ಸಾಧಾರಣ ಹುಡುಗನಿಗೂ ಓದಲು ಕಲಿಯುವ ಹಕ್ಕಿದೆ.

ಕನ್ನಡಕ್ಕೂ ಡಿಸ್ಲೆಕ್ಸಿಯಾ ಬರುತ್ತದಾ?

'ಇಂಗ್ಲಿಷಿಗಾದರೆ ಸರಿ, ಬರೆಯೋದೊಂದು ಓದೋದೊಂದು. ಕನ್ನಡದಲ್ಲಿ ಬರೆದ ಹಾಗೇ ಓದಬಹುದು, ಇದರಲ್ಲಿ ಎಂಥ ಡಿಸ್ಲೆಕ್ಸಿಯಾ?' ಈ ಮಾತನ್ನು ಓದಿಕೊಂಡವರೇ ಹೇಳುತ್ತಾರೆ. ಮೊದಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಆ ನೋಟ್‌ಬುಕ್ಕನ್ನು ಮುಂದಿಟ್ಟುಕೊಂಡು ಕೂತಾಗ ನಮ್ಮ ಲಿಪಿ ಮಗುವಿನ ಮೇಲೆ ಎಷ್ಟು ಕೆಲಸ ಹೇರುತ್ತದೆ ಅಂತ ಗೊತ್ತಾಯಿತು.

'ಕತ್ತೆ' ಪದವನ್ನೇ ತೆಗೆದುಕೊಳ್ಳಿ. ಬಾಯಲ್ಲಿ ಬರುವ ಕ್ರಮ ಹೀಗೆ: ಕ, ಆಮೇಲೆ ಒಂದು ತ್, ಇನ್ನೊಂದು ತ್, ಕೊನೆಗೆ ಎ. ಈಗ ಕಾಗದ ನೋಡಿ. ಕೊನೆಗೆ ಕೇಳಿಸುವ 'ಎ' ಸ್ವರ ಮೊದಲನೇ ತಕಾರದ ತಲೆ ಮೇಲೆ ಹತ್ತಿ ಕೂತಿದೆ. ಎರಡನೇ ತಕಾರ ರೂಪ ಬದಲಿಸಿಕೊಂಡು ಕೆಳಗೆ ಇಳಿದಿದೆ. 'ಸೂರ್ಯ' ಇನ್ನೂ ಮಜಾ. 'ರ್' ಶಬ್ದ ಮೊದಲು ಬರುತ್ತದೆ, 'ಯ' ಆಮೇಲೆ. ಬರೆಯುವಾಗ 'ಯ' ಮೊದಲು, ಅರ್ಕಾವತ್ತು ಅದರ ಹಿಂದೆ! ನಮಗೆ ಇದೆಲ್ಲ ಅಭ್ಯಾಸ ಆಗಿಬಿಟ್ಟಿದೆ, ಆದ್ದರಿಂದ ಕಾಣುವುದೇ ಇಲ್ಲ. ಪದದೊಳಗಿನ ಶಬ್ದಗಳನ್ನು ಬಿಡಿಸಿ ಹಿಡಿಯುವುದೇ ಕಷ್ಟವಾಗಿರುವ ಮಗುವಿಗೆ ಈ ಹಿಂದುಮುಂದು ಇನ್ನೊಂದು ಗೋಡೆ. ಅವನು ಒತ್ತಕ್ಷರವನ್ನೇ ಬಿಟ್ಟು ಮುಂದೆ ಹೋಗುತ್ತಾನೆ. ಹಾಗಾಗಿಯೇ ಕತ್ತೆ ಕತೆಯಾಗುತ್ತದೆ, ಹಳ್ಳಿ ಹಳಿಯಾಗುತ್ತದೆ.

ಇನ್ನು ಒಂದೇ ಥರ ಕಾಣುವ ಅಕ್ಷರಗಳು. ದ, ಧ, ಥ ನಡುವೆ ಇರುವುದು ಒಂದು ಚುಕ್ಕಿಯೋ ಒಂದು ಸಣ್ಣ ಗೀಟೋ. ಬ ಮತ್ತು ಭ. ಸ ಮತ್ತು ನ. 'ಮ' ಮತ್ತು 'ವು' ಅಂತೂ ಅಣ್ಣ ತಮ್ಮ ಇದ್ದ ಹಾಗೆ. 'ಮಳೆ' ಯಾಕೆ 'ವುಳೆ' ಆಯಿತು ಅಂತ ಈಗ ಗೊತ್ತಾಯಿತಲ್ಲ.

ಸಂಖ್ಯೆಯನ್ನೂ ನೋಡಿ. ಇಂಗ್ಲಿಷ್ ಕಲಿಯುವ ಮಗು 26 ಅಕ್ಷರ ಕಲಿತರೆ ಚಿಹ್ನೆಗಳ ಕೆಲಸ ಮುಗಿಯಿತು, ಅದರ ತಲೆನೋವು ಸ್ಪೆಲ್ಲಿಂಗಿನಲ್ಲಿ. ನಮ್ಮಲ್ಲಿ ವರ್ಣಮಾಲೆ 49. ಅದರಲ್ಲಿ 34 ವ್ಯಂಜನಗಳು, ಒಂದೊಂದಕ್ಕೂ ಕಾಗುಣಿತ. ಕಾಗುಣಿತವೊಂದೇ 400 ದಾಟುತ್ತದೆ. ಒತ್ತಕ್ಷರ ಬೇರೆ. ಬೆಂಗಳೂರಿನಲ್ಲಿ ಕನ್ನಡ ಮಕ್ಕಳ ಓದಿನ ಬಗ್ಗೆ ಕೆಲಸ ಮಾಡಿದ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರಗಳ ಮೇಲೆ ಹಿಡಿತ ಸಿಗುವ ಕೆಲಸ ನಾಲ್ಕನೇ ಕ್ಲಾಸಿನವರೆಗೂ ನಡೆಯುತ್ತಲೇ ಇರುತ್ತದೆ ಎಂದು ತೋರಿಸಿದರು. ಯಾವ ತೊಂದರೆಯೂ ಇಲ್ಲದ ಮಕ್ಕಳಿಗೇ ಇಷ್ಟು ವರ್ಷ ಬೇಕು. ಆದ್ದರಿಂದ ಎರಡನೇ ಕ್ಲಾಸಿನ ಮಗು ಒತ್ತಕ್ಷರ ತಪ್ಪಿದ ಕೂಡಲೇ ಡಿಸ್ಲೆಕ್ಸಿಯಾ ಅಂತ ಹಣೆಪಟ್ಟಿ ಹಚ್ಚಬಾರದು. ಹಾಗಂತ ಏಳನೇ ಕ್ಲಾಸಿನವರೆಗೆ 'ದೊಡ್ಡವನಾದ್ಮೇಲೆ ಸರಿಹೋಗ್ತಾನೆ' ಅಂತ ಕಾಯುವುದೂ ತಪ್ಪು.

ಬರೆದ ಹಾಗೆ ಓದುವ ಲಿಪಿಗಳಲ್ಲಿ ಡಿಸ್ಲೆಕ್ಸಿಯಾ ಹೆಚ್ಚಾಗಿ ತಪ್ಪು ಓದಿನ ರೂಪದಲ್ಲಿ ಬರುವುದಿಲ್ಲ, ನಿಧಾನದ ರೂಪದಲ್ಲಿ ಬರುತ್ತದೆ. ಮಗು ಸರಿಯಾಗೇ ಓದುತ್ತದೆ, ಒಂದೊಂದೇ ಅಕ್ಷರ ಕೂಡಿಸಿ. ಅದರ ಅನುಭವ ಬೇಕಿದ್ದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ತಂದ ಹಳೇ ಕೈಬರಹದ ಪಹಣಿ ಓದಿ ನೋಡಿ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಶುರುವಿನಲ್ಲಿ ಏನಿತ್ತು ಅಂತಲೇ ಮರೆತಿರುತ್ತದೆ. ಓದುವ ಕಷ್ಟದಲ್ಲಿ ಅರ್ಥ ಕಳೆದುಹೋಗುತ್ತದೆ. ಆ ಮಗುವಿಗೆ ಪಾಠದ ಪ್ರತಿ ಪುಟವೂ ಹಳೇ ಪಹಣಿ. ಇದರ ಮೇಲೆ ಇಂಗ್ಲಿಷು, ಹಿಂದಿ. ಮೂರು ಭಾಷೆ, ಮೂರು ಲಿಪಿ.

ನಮ್ಮ ಹುಡುಗನಿಗೆ ಕೊನೆಗೆ ಕೆಲಸ ಮಾಡಿದ್ದು ಹತ್ತು ಸಲ ಬರೆಸುವುದಲ್ಲ. ಒಬ್ಬ ವಿಶೇಷ ಶಿಕ್ಷಕಿ ಅವನನ್ನು ಕೂರಿಸಿಕೊಂಡು ಪದವನ್ನು ಮೊದಲು ಬಾಯಲ್ಲೇ ಮುರಿಸಿದರು. ಕತ್, ತೆ. ಎರಡು ಚಪ್ಪಾಳೆ. ಆಮೇಲೆ ರಟ್ಟಿನ ತುಂಡುಗಳು: ಮೂಲ ಅಕ್ಷರ ಕಪ್ಪು, ಒತ್ತಕ್ಷರ ಕೆಂಪು, ಸ್ವರಚಿಹ್ನೆ ನೀಲಿ. ಅದನ್ನು ಅವನೇ ಜೋಡಿಸಬೇಕು. ಕೆಂಪು ತುಂಡು ಇಡದಿದ್ದರೆ ಕತ್ತೆ ಬರುವುದಿಲ್ಲ ಅಂತ ಅವನ ಕೈಗೇ ಗೊತ್ತಾಗುತ್ತಿತ್ತು. ಅದಾದ ಮೇಲೆ ಮರಳಿನ ತಟ್ಟೆಯಲ್ಲಿ ಬೆರಳು. ಪೆನ್ಸಿಲ್ ಬಂದಿದ್ದು ಎಲ್ಲಕ್ಕಿಂತ ಕೊನೆಗೆ. ಒಂದು ವಾರಕ್ಕೆ ಆರೇಳು ಪದ ಅಷ್ಟೇ. ಆದರೆ ಕಲಿತದ್ದು ಉಳಿಯಿತು.

ಬೋರ್ಡಿನಿಂದ ನೋಟ್‌ಬುಕ್ಕಿನವರೆಗೆ

ಕ್ಲಾಸಿನಲ್ಲಿ ಇಂಥ ಮಕ್ಕಳು ಎಲ್ಲಕ್ಕಿಂತ ಜಾಸ್ತಿ ಸೋಲುವುದು ಬೋರ್ಡಿನಿಂದ ಕಾಪಿ ಮಾಡುವಾಗ. ಬೋರ್ಡು ನೋಡಬೇಕು, ಎರಡು ಪದ ನೆನಪಿಟ್ಟುಕೊಳ್ಳಬೇಕು, ತಲೆ ಬಗ್ಗಿಸಿ ಬರೆಯಬೇಕು, ತಲೆ ಎತ್ತಿ ಅದೇ ಸಾಲನ್ನು ಹುಡುಕಬೇಕು. ಅಷ್ಟರಲ್ಲಿ ಟೀಚರ್ ಅರ್ಧ ಬೋರ್ಡು ಒರೆಸಿರುತ್ತಾರೆ. 'ನೋಟ್ಸ್ ಇನ್‌ಕಂಪ್ಲೀಟ್' ಅಂತ ಡೈರಿಯಲ್ಲಿ ಬರುತ್ತದೆ. ಇದಕ್ಕೆ ಪರಿಹಾರ ದುಬಾರಿಯೇನಲ್ಲ. ನೋಟ್ಸಿನ ಒಂದು ಜೆರಾಕ್ಸ್. ಅಥವಾ ಪಕ್ಕದ ಹುಡುಗಿಯ ಪುಸ್ತಕದ ಫೋಟೋ. ಕಾಪಿ ಮಾಡುವುದು ಪಾಠವಲ್ಲ, ಪಾಠ ತಲುಪಿಸುವ ಒಂದು ದಾರಿ ಮಾತ್ರ.

ಎಡಿಎಚ್‌ಡಿ ಇರುವ ಮಗುವಿಗೆ ಅರ್ಧ ಗಂಟೆ ಅಲುಗಾಡದೆ ಕೂರುವುದೇ ಒಂದು ಪರೀಕ್ಷೆ. ನಾನು ನೋಡಿದ ಒಬ್ಬ ಮೇಡಂ ಅಂಥ ಹುಡುಗನಿಗೆ ಕ್ಲಾಸಿನ ಅರ್ಧದಲ್ಲಿ ಏನಾದರೂ ಓಡಾಟದ ಕೆಲಸ ಕೊಡುತ್ತಿದ್ದರು. ಸ್ಟಾಫ್ ರೂಮಿನಿಂದ ಸೀಮೆಸುಣ್ಣ ತಾ, ನೋಟ್‌ಬುಕ್ ಹಂಚು, ಬೋರ್ಡು ಒರೆಸು. ಸೀಮೆಸುಣ್ಣ ಅವರ ಟೇಬಲ್ಲಿನ ಡ್ರಾಯರಿನಲ್ಲೇ ಇರುತ್ತಿತ್ತು, ಅದು ಬೇರೆ ಮಾತು. ಐದು ಲೆಕ್ಕ ಒಟ್ಟಿಗೆ ಕೊಡುವ ಬದಲು ಒಂದೊಂದಾಗಿ ಕೊಡುವುದು, ಕಿಟಕಿ ಪಕ್ಕದಿಂದ ಎಬ್ಬಿಸಿ ಮುಂದೆ ಕೂರಿಸುವುದು ಕೂಡ ಇದೇ ಥರದ ಕೆಲಸ.

ಆಟಿಸಂ ಇರುವ ಮಕ್ಕಳಲ್ಲಿ ಅನೇಕರಿಗೆ ಶಬ್ದ, ವಾಸನೆ, ಮುಟ್ಟುವಿಕೆ ನಮಗಿಂತ ಎಷ್ಟೋ ಜಾಸ್ತಿ ಚುಚ್ಚುತ್ತವೆ. ಪ್ರಾರ್ಥನೆಯ ಮೈಕು, ಉದ್ದದ ಬೆಲ್ಲು, ಬಿಸಿಯೂಟದ ಹೊತ್ತಿನ ತಟ್ಟೆಗಳ ಸದ್ದು. ಇನ್ನೊಂದು, ಹೇಳದೆ ಕೇಳದೆ ಆಗುವ ಬದಲಾವಣೆ. 'ಇವತ್ತು ಪಿ.ಟಿ. ಇಲ್ಲ, ಗಣಿತ' ಅಂತ ಅಚಾನಕ್ ಹೇಳಿದರೆ ಮಗು ಕಿರುಚಿ ನೆಲಕ್ಕೆ ಬೀಳಬಹುದು. ಹೊರಗಿನವರಿಗೆ ಅದು ಹಠ. ಒಳಗೆ ನಡೆದಿರುವುದು ಗಾಬರಿ. ದಿನದ ಟೈಂಟೇಬಲ್ಲನ್ನು ಚಿತ್ರಗಳಲ್ಲಿ ಗೋಡೆಗೆ ಅಂಟಿಸಿ, ಬದಲಾವಣೆ ಇದ್ದರೆ ಬೆಳಿಗ್ಗೆಯೇ ಆ ಚಿತ್ರವನ್ನು ಮಗುವಿನ ಕೈಯಲ್ಲೇ ಬದಲಿಸಿದರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ. ಗಲಾಟೆ ತಡೆಯಲಾಗದಾಗ ಹತ್ತು ನಿಮಿಷ ಕೂರಲು ಒಂದು ಮೂಲೆ ಇದ್ದರೆ ಇನ್ನೂ ಒಳ್ಳೆಯದು. ಲೈಬ್ರರಿಯ ಮೂಲೆಯಾದರೂ ಸಾಕು. ಶಿಕ್ಷೆಯ ಮೂಲೆ ಆಗಬಾರದು ಅಷ್ಟೇ.

ಕಿವಿ ಕೇಳದ ಮಗು ತುಟಿ ನೋಡುತ್ತಿರುತ್ತದೆ. ಟೀಚರ್ ಬೋರ್ಡಿನ ಕಡೆ ತಿರುಗಿ ಮಾತಾಡಿದರೆ ಆ ಮಗುವಿಗೆ ಪಾಠ ಅಲ್ಲಿಗೇ ನಿಂತಿತು. ಕಣ್ಣು ಕಾಣದ ಮಗುವಿಗೆ ಬೋರ್ಡಿನಲ್ಲಿ ಬರೆಯುತ್ತಿರುವುದನ್ನು ಬಾಯಲ್ಲೂ ಹೇಳಬೇಕು. 'ಇದಕ್ಕೆ ಇದನ್ನ ಕೂಡಿಸಿದ್ರೆ ಇಷ್ಟು' ಅಂದರೆ ಆಗದು, 'ಏಳಕ್ಕೆ ಐದು ಕೂಡಿಸಿದರೆ ಹನ್ನೆರಡು' ಅನ್ನಬೇಕು. ಆಂಡ್ರಾಯ್ಡ್ ಫೋನುಗಳಲ್ಲಿ ಈಗ ಕನ್ನಡವನ್ನು ಓದಿ ಹೇಳುವ ಸೌಲಭ್ಯ ಇದೆ. ಕಣ್ಣು ಕಾಣದವರಿಗೆ ಅಂತ ಬಂದದ್ದು, ಡಿಸ್ಲೆಕ್ಸಿಯಾ ಇರುವವರಿಗೂ ಅಷ್ಟೇ ಉಪಯೋಗ.

ರ‍್ಯಾಂಪ್ ಬಗ್ಗೆ ಸ್ವಲ್ಪ ನಿಲ್ಲಲೇಬೇಕು. ಪುಸ್ತಕದ ಲೆಕ್ಕ 1:12. ಒಂದು ಅಡಿ ಎತ್ತರ ಏರಲು 12 ಅಡಿ ಉದ್ದದ ಇಳಿಜಾರು. ಶಾಲೆಯ ಮುಂದೆ ಅರ್ಧ ಅಡಿಯ ಮೂರು ಮೆಟ್ಟಿಲಿದ್ದರೆ ಎತ್ತರ ಒಂದೂವರೆ ಅಡಿ, ರ‍್ಯಾಂಪ್ ಬೇಕಾಗಿರುವುದು 18 ಅಡಿ. ನಾನು ನೋಡಿದ ಹಲವು ಕಡೆ ಅದು ಆರೋ ಏಳೋ ಅಡಿ ಇರುತ್ತದೆ. ಗಾಲಿಕುರ್ಚಿ ಹತ್ತುವುದಿಲ್ಲ, ಹತ್ತಿದರೂ ಇಳಿಯುವಾಗ ಯಾರೂ ಹಿಡಿಯಲಾರರು. ಮಕ್ಕಳು ಅದನ್ನು ಜಾರುಬಂಡೆ ಮಾಡಿಕೊಂಡಿರುತ್ತಾರೆ. ಲೆಕ್ಕಪತ್ರದಲ್ಲಿ ಮಾತ್ರ 'ರ‍್ಯಾಂಪ್ ಇದೆ'. ರ‍್ಯಾಂಪ್ ಸರಿಯಿದ್ದರೂ ಶೌಚಾಲಯದ ಬಾಗಿಲು ಕಿರಿದಾಗಿದ್ದರೆ ಮುಗಿಯಿತು. ಬೆಳಿಗ್ಗೆಯಿಂದ ನೀರೇ ಕುಡಿಯದೆ ಶಾಲೆಯಲ್ಲಿ ಕೂರುವ ಹೆಣ್ಣುಮಕ್ಕಳಿದ್ದಾರೆ. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಸರ್ಟಿಫಿಕೇಟು ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ

ಮೇಲೆ ಹೇಳಿದ ಕೆಲಸಗಳಲ್ಲಿ ಎಷ್ಟಕ್ಕೆ ಡಾಕ್ಟರ ಸರ್ಟಿಫಿಕೇಟು ಬೇಕು? ಒಂದಕ್ಕೂ ಬೇಡ. ಸೀಮೆಸುಣ್ಣ ತರಿಸಲು, ಜೆರಾಕ್ಸ್ ಕೊಡಲು, ಚಿತ್ರದ ಟೈಂಟೇಬಲ್ ಅಂಟಿಸಲು ಯಾವ ಸೀಲೂ ಬೇಕಿಲ್ಲ. ಆದರೆ ಶಾಲೆಗಳಲ್ಲಿ ನಡೆಯುವುದು ತಿರುಗುಮುರುಗು. 'ಸರ್ಟಿಫಿಕೇಟ್ ತನ್ನಿ, ಆಮೇಲೆ ನೋಡೋಣ' ಅನ್ನುತ್ತಾರೆ. ಅದು ಬರುವಷ್ಟರಲ್ಲಿ ಮಗುವಿನ ಎರಡು ವರ್ಷ ಹೋಗಿರುತ್ತದೆ. ಎಡಿಎಚ್‌ಡಿಯಂತೂ ಆ 21ರ ಪಟ್ಟಿಯಲ್ಲಿ ಆ ಹೆಸರಿನಲ್ಲಿ ಇಲ್ಲವೇ ಇಲ್ಲ. ಹಾಗಾದರೆ ಆ ಮಗುವನ್ನು ಯಾವ ಕಾಗದಕ್ಕೆ ಕಾಯಿಸುವುದು?

ಸರ್ಟಿಫಿಕೇಟು ನಿಜವಾಗಿ ಬೇಕಾಗುವುದು ಪರೀಕ್ಷೆ, ಸ್ಕಾಲರ್‌ಶಿಪ್ಪು, ಮೀಸಲಾತಿಗೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಹೇಳಿದ್ದನ್ನು ಬರೆದುಕೊಡುವ ಸ್ಕ್ರೈಬ್, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ ಇವು ಕಾಯ್ದೆಯ 17ನೇ ಸೆಕ್ಷನ್ನಿನಲ್ಲೇ ಇವೆ. ಕೇಂದ್ರದ 2018ರ ಮಾರ್ಗಸೂಚಿಯಂತೆ ಹೆಚ್ಚಿನ ಸಮಯ ಅಂದರೆ ಗಂಟೆಗೆ ಕನಿಷ್ಠ 20 ನಿಮಿಷ. ಮೂರು ಗಂಟೆಯ ಪೇಪರಿಗೆ ಇನ್ನೊಂದು ಗಂಟೆ.

ಕಲಿಕಾ ನ್ಯೂನತೆಗೆ 2018ರ ಕೇಂದ್ರ ಮಾರ್ಗಸೂಚಿ ಒಂದು ದಾರಿ ಹಾಕಿಕೊಟ್ಟಿತು. ಮೂರನೇ ಕ್ಲಾಸಿನಲ್ಲಿ ಅಥವಾ 8 ವರ್ಷಕ್ಕೆ, ಯಾವುದು ಮೊದಲೋ ಆಗ, ಶಾಲೆಯ ಶಿಕ್ಷಕರೇ ಮೊದಲ ತಪಾಸಣೆ ಮಾಡಬೇಕು. ಅನುಮಾನ ಬಂದ ಮಕ್ಕಳನ್ನು ಮಕ್ಕಳ ಡಾಕ್ಟರು, ಮನಶ್ಶಾಸ್ತ್ರಜ್ಞರು ನೋಡುತ್ತಾರೆ. ದೇಶದಾದ್ಯಂತ ಇದಕ್ಕೆ ಬಳಸಬೇಕು ಅಂತ ಆ ಮಾರ್ಗಸೂಚಿ ಹೇಳಿದ ಪರೀಕ್ಷೆ ತಯಾರಾಗಿದ್ದು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ. ಸರ್ಟಿಫಿಕೇಟು 8 ವರ್ಷದ ಮೇಲೆ ಮಾತ್ರ. 14ಕ್ಕೆ ಮತ್ತೆ ಪರೀಕ್ಷೆ, 18ಕ್ಕೆ ಇನ್ನೊಮ್ಮೆ. 18ರಲ್ಲಿ ಕೊಟ್ಟದ್ದು ಜೀವನಪೂರ್ತಿ ನಡೆಯುತ್ತದೆ.

ಅಪ್ಪ ಅಮ್ಮಂದಿರಿಗೆ ನಾನು ಹೇಳುವುದು ಒಂದೇ. ಹತ್ತನೇ ಕ್ಲಾಸಿನ ಪರೀಕ್ಷೆ ಅರ್ಜಿ ತುಂಬುವ ವರ್ಷ ಇದಕ್ಕೆ ಓಡಾಡಬೇಡಿ. ಅಪಾಯಿಂಟ್‌ಮೆಂಟ್ ಸಿಗಲು, ಟೆಸ್ಟುಗಳಿಗೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ತಿಂಗಳುಗಳು ಹಿಡಿಯುತ್ತವೆ. ಎಂಟನೇ ಕ್ಲಾಸಿಗೆ ಮೊದಲೇ ಶುರು ಮಾಡಿ. ಹೋಗುವಾಗ ಹಳೇ ನೋಟ್‌ಬುಕ್ಕುಗಳನ್ನು ತೆಗೆದುಕೊಂಡು ಹೋಗಿ. ಹಳೇ ಪೇಪರಿನವನಿಗೆ ಹಾಕಿಬಿಟ್ಟಿರುತ್ತೇವೆ, ಆದರೆ ಡಾಕ್ಟರಿಗೆ ಅವು ತುಂಬಾ ಮಾತು ಹೇಳುತ್ತವೆ.

ಅಂಗವಿಕಲತೆ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಮೀಸಲಾತಿಯಂಥ ಸೌಲಭ್ಯ. 40 ಇಲ್ಲದಿದ್ದರೆ ಪರೀಕ್ಷೆಯಲ್ಲೂ ಏನೂ ಇಲ್ಲ ಅಂತ ಬಹಳ ದಿನ ಎಲ್ಲರೂ ಅಂದುಕೊಂಡಿದ್ದರು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ವಿಕಾಸ್ ಕುಮಾರ್ ಅನ್ನುವವರು ಯುಪಿಎಸ್‌ಸಿ ವಿರುದ್ಧ ಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಅದನ್ನು ಸರಿಪಡಿಸಿತು. ಮೀಸಲಾತಿಗೆ 40ರ ಗೆರೆ ಇರಬಹುದು. ಸ್ಕ್ರೈಬ್‌ನಂಥ ಹೊಂದಾಣಿಕೆಗೆ ಆ ಗೆರೆ ಎಳೆಯುವ ಹಾಗಿಲ್ಲ ಅಂದಿತು ಕೋರ್ಟು. ಅದಕ್ಕೆ ತಕ್ಕ ಹಾಗೆ 2022ರ ಆಗಸ್ಟಿನಲ್ಲಿ ಕೇಂದ್ರ ಹೊಸ ಮಾರ್ಗಸೂಚಿಯನ್ನೂ ಹೊರಡಿಸಿತು. 40ಕ್ಕಿಂತ ಕಡಿಮೆ ಬಂತು ಅಂತ ಫೈಲು ಮಡಚಿಡುವ ಮೊದಲು ಈ ಸಂಗತಿ ನೆನಪಿರಲಿ.

'ಇದು ಬೇರೆ ಮಕ್ಕಳಿಗೆ ಅನ್ಯಾಯ ಅಲ್ವಾ?' ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಎಲೆ ಯಾಕೆ ಹಸಿರಾಗಿದೆ ಅನ್ನುವ ಪ್ರಶ್ನೆ ವಿಜ್ಞಾನ ಎಷ್ಟು ಗೊತ್ತು ಅಂತ ನೋಡಲು ಕೇಳಿದ್ದು. ಉತ್ತರ ಗೊತ್ತಿರುವ ಮಗು ಬರೆಯಲಾಗದೆ ಸೊನ್ನೆ ತೆಗೆದುಕೊಂಡರೆ ನಾವು ಅಳೆದಿದ್ದು ವಿಜ್ಞಾನವನ್ನಲ್ಲ, ಬೆರಳುಗಳನ್ನು. ಕನ್ನಡಕ ಹಾಕಿಕೊಂಡು ಪರೀಕ್ಷೆ ಬರೆಯುವವರನ್ನು 'ತೆಗೆದಿಟ್ಟು ಬರಿ, ಎಲ್ಲರಿಗೂ ಒಂದೇ ನ್ಯಾಯ' ಅಂತ ಯಾರೂ ಹೇಳುವುದಿಲ್ಲ.

ಟೀಚರ್ ಕಷ್ಟವೂ ಇದೆ

ಇಷ್ಟು ಹೇಳಿ ಎಲ್ಲ ಭಾರವನ್ನು ಮೇಷ್ಟ್ರ ತಲೆ ಮೇಲೆ ಹಾಕಿದರೆ ನ್ಯಾಯವಲ್ಲ. ಒಂದೇ ಕೊಠಡಿಯಲ್ಲಿ ಎರಡು ಮೂರು ಕ್ಲಾಸು, ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ. ಇದರ ಮಧ್ಯೆ ಆಟಿಸಂ ಬಗ್ಗೆ ಮೂರು ದಿನದ ತರಬೇತಿ ಕೊಟ್ಟು 'ಇನ್ನು ನೋಡಿಕೊಳ್ಳಿ' ಅಂದರೆ ಅವರು ತಾನೇ ಏನು ಮಾಡಿಯಾರು?

ಅವರ ಬೆನ್ನಿಗೆ ನಿಲ್ಲಬೇಕಾದವರು ವಿಶೇಷ ಶಿಕ್ಷಕರು. ಕರ್ನಾಟಕದಲ್ಲಿ ತಾಲ್ಲೂಕಿನ ಬಿಆರ್‌ಸಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ ಬಿಐಇಆರ್‌ಟಿ ಅಂತ ಕರೆಯುವ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಶಾಲೆಗಳಿಗೆ ಹೋಗಿ ಮಕ್ಕಳನ್ನು ನೋಡುವುದು, ಟೀಚರಿಗೆ ಹೇಳಿಕೊಡುವುದು, ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಯಲ್ಲೇ ಕಲಿಸುವ ಗೃಹಾಧಾರಿತ ಶಿಕ್ಷಣದ ಮೇಲ್ವಿಚಾರಣೆ ಎಲ್ಲ ಅವರದ್ದೇ. ಇಡೀ ತಾಲ್ಲೂಕಿಗೆ ಅವರಿರುವುದು ಬೆರಳೆಣಿಕೆ. ನಿಮ್ಮ ಮಗು ಸರ್ಕಾರಿ ಶಾಲೆಯಲ್ಲಿದ್ದರೆ ಮೊದಲು ಕೇಳಬೇಕಾದ ಹೆಸರು ಇದು. ಎಷ್ಟೋ ಅಪ್ಪ ಅಮ್ಮಂದಿರಿಗೆ ಇಂಥ ಒಂದು ಹುದ್ದೆ ಇದೆ ಅಂತಲೇ ಗೊತ್ತಿರುವುದಿಲ್ಲ.

2021ರ ಅಕ್ಟೋಬರಿನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದರ ಬಗ್ಗೆಯೇ ಮಾತಾಡಿತು. ಸಾಮಾನ್ಯ ಶಾಲೆಗಳಲ್ಲೂ ವಿಶೇಷ ಶಿಕ್ಷಕರು ಬೇಕು, ಸದ್ಯಕ್ಕೆ ಪ್ರಾಥಮಿಕ ಹಂತದಲ್ಲಿ ಅಂಗವಿಕಲತೆ ಇರುವ 10 ಮಕ್ಕಳಿಗೆ ಒಬ್ಬರಾದರೂ ಇರಲಿ ಎಂದಿತು. ಎಷ್ಟು ಹುದ್ದೆ ಬೇಕು ಅಂತ ಲೆಕ್ಕ ಹಾಕಿ ಘೋಷಿಸಿ ಎಂದು ರಾಜ್ಯಗಳಿಗೆ ಅದೇ ಕೋರ್ಟು 2025ರಲ್ಲಿ ಮತ್ತೆ ಹೇಳಬೇಕಾಗಿ ಬಂತು. ನಾಲ್ಕು ವರ್ಷ ಅಂದರೆ ಒಂದು ಮಗು ಒಂದನೇ ಕ್ಲಾಸಿಗೆ ಸೇರಿ ಐದಕ್ಕೆ ಬರುವಷ್ಟು ಕಾಲ.

ಎಲ್ಲ ವಿಶೇಷ ಶಾಲೆಗಳನ್ನೂ ಮುಚ್ಚಿಬಿಡಬೇಕು ಅನ್ನುವವರ ಪೈಕಿ ನಾನಿಲ್ಲ. ಕಿವಿ ಕೇಳದ ಮಕ್ಕಳಿಗೆ ಸಂಜ್ಞೆ ಭಾಷೆಯಲ್ಲಿ ಹರಟೆ ಹೊಡೆಯಲು ಜೊತೆಗಾರರು ಬೇಕು. ಸಂಜ್ಞೆ ಭಾಷೆ ಒಬ್ಬರಿಗೂ ಬಾರದ ಕ್ಲಾಸಿನಲ್ಲಿ 40 ಜನರ ನಡುವೆ ಕೂತರೂ ಆ ಮಗು ಒಂಟಿಯೇ. ಕಾಯ್ದೆಯ 31ನೇ ಸೆಕ್ಷನ್ನು ಕೂಡ ಅಂಗವಿಕಲತೆ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿರುವ 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಓದುವ ಆಯ್ಕೆ ಕೊಡುತ್ತದೆ. ನನ್ನ ತಕರಾರು ಇರುವುದು, 'ಇವನಿಗೆ ಬೇರೆ ಶಾಲೆ ನೋಡಿಕೊಳ್ಳಿ' ಅಂತ ಸಾಮಾನ್ಯ ಶಾಲೆ ಕೈತೊಳೆದುಕೊಳ್ಳುವುದರ ಬಗ್ಗೆ. ಎನ್‌ಐಒಎಸ್ ಮುಕ್ತ ಶಾಲೆಯ ವಿಷಯದಲ್ಲೂ ಅಷ್ಟೇ. ಐದು ವಿಷಯ ಸಾಕು, ಒಂದೇ ಭಾಷೆ ತೆಗೆದುಕೊಂಡರೂ ನಡೆಯುತ್ತದೆ, ಕೆಲವು ಮಕ್ಕಳಿಗೆ ನಿಜಕ್ಕೂ ಒಳ್ಳೆಯ ದಾರಿ. ಒಂಬತ್ತನೇ ಕ್ಲಾಸಿನಲ್ಲಿ ಶಾಲೆಯ ರಿಸಲ್ಟ್ ಕೆಡುತ್ತದೆ ಅಂತ ಮಗುವನ್ನು ಅಲ್ಲಿಗೆ ದಬ್ಬಿದರೆ ಮಾತ್ರ ಅದು ಹಿಂಬಾಗಿಲು.

ನಮ್ಮ ಹುಡುಗ ಈಗ ಏಳನೇ ಕ್ಲಾಸು. ಶಾಲೆ ಅದೇ. ಹೊಸದಾಗಿ ಬಂದ ಸಮಾಜ ಟೀಚರ್ ಕಿರುಪರೀಕ್ಷೆಯ ಪ್ರಶ್ನೆಗಳನ್ನು ಎಲ್ಲರಿಗೂ ಒಂದು ಸಲ ಗಟ್ಟಿಯಾಗಿ ಓದಿ ಹೇಳುತ್ತಾರೆ, ಅವನಿಗೋಸ್ಕರ ಅಂತ ತೋರಿಸಿಕೊಳ್ಳದೆ. ಅದರಿಂದ ಇನ್ನೂ ನಾಲ್ಕೈದು ಮಕ್ಕಳ ಮಾರ್ಕ್ಸ್ ಮೇಲೆ ಬಂದಿದೆಯಂತೆ. ಕನ್ನಡ ಮೇಷ್ಟ್ರು ಒತ್ತಕ್ಷರಕ್ಕೆ ಅರ್ಧ ಮಾರ್ಕ್ಸ್ ಕಳೆಯುವುದನ್ನು ಇನ್ನೂ ಬಿಟ್ಟಿಲ್ಲ, ಅಕ್ಕ ಹೋಗಿ ಮಾತಾಡುವುದನ್ನೂ ಬಿಟ್ಟಿಲ್ಲ. ಮೊನ್ನೆ ಅವನು ವಾಟ್ಸಾಪಿನಲ್ಲಿ 'ಚಿಕಮ್ಮ ಹಬಕ್ಕೆ ಬರ್ತೀಯಾ' ಅಂತ ಕಳಿಸಿದ. 'ಬರ್ತೀಯಾ'ದ ಅರ್ಕಾವತ್ತು ಸರಿಯಾಗಿ ಬಿದ್ದಿತ್ತು, ಫೋನೇ ತಿದ್ದಿರಬೇಕು. ಬರ್ತೀನಿ ಅಂತ ವಾಯ್ಸ್ ಮೆಸೇಜ್ ಹಾಕಿದೆ. 14 ತುಂಬಿದ ಮೇಲೆ ಮತ್ತೆ ಟೆಸ್ಟಿಗೆ ಹೋಗಬೇಕು. ಅಕ್ಕ ಈಗಲೇ ಫೈಲಿಗೆ ಹೊಸ ಟ್ಯಾಗ್ ಕಟ್ಟಿ, ಎಲ್ಲದರ ಎರಡೆರಡು ಜೆರಾಕ್ಸ್ ಮಾಡಿಸಿ ಬೀರುವಿನಲ್ಲಿಟ್ಟಿದ್ದಾಳೆ. ಆ ಉಕ್ತಲೇಖನದ ನೋಟ್‌ಬುಕ್ಕನ್ನೂ ಕೇಳಿದ್ದಾಳೆ, ಹಬ್ಬಕ್ಕೆ ಹೋಗುವಾಗ ತೆಗೆದುಕೊಂಡು ಹೋಗಬೇಕು.